ಸರ್ಕಾರಿ ಮದ್ದಿನ ದಾರಿ: ಟೆಂಡರಿನಿಂದ ರೋಗಿಯ ಕೈಯವರೆಗೆ

'ಆರೋಗ್ಯವೇ ಭಾಗ್ಯ' ಎಂಬ ಮಾತು ನಮ್ಮ ಸಂಘದ ವಾರ್ಷಿಕ ಸಂಚಿಕೆಯಲ್ಲಿ ಪ್ರತಿವರ್ಷವೂ ಒಂದಲ್ಲ ಒಂದು ಲೇಖನದಲ್ಲಿ ಕಾಣಿಸಿಕೊಳ್ಳುತ್ತದೆ. ವೈದ್ಯಮಿತ್ರರು ಮಧುಮೇಹ, ರಕ್ತದೊತ್ತಡ, ಹೃದ್ರೋಗ ಮೊದಲಾದ ವಿಷಯಗಳನ್ನು ಕುರಿತು ಬರೆದು ನಮಗೆಲ್ಲ ಉಪಕಾರ ಮಾಡಿದ್ದಾರೆ. ಪ್ರಸ್ತುತ ಲೇಖಕನು ವೈದ್ಯನಲ್ಲ. ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ಲೆಕ್ಕಪತ್ರ ನೋಡುವವನು. ಆದಕಾರಣ ಯಾವ ರೋಗಕ್ಕೆ ಯಾವ ಮದ್ದು ಎಂಬ ವಿಚಾರಕ್ಕೆ ಕೈ ಹಾಕದೆ, ವೈದ್ಯರು ಚೀಟಿ ಬರೆದುಕೊಟ್ಟ ಮೇಲೆ ಏಳುವ ಪ್ರಶ್ನೆಯನ್ನು ಮಾತ್ರ ಇಲ್ಲಿ ಎತ್ತಿಕೊಳ್ಳಲಾಗಿದೆ. ಆ ಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಇದೆಯೆ? ಇದ್ದರೆ ಅದು ಅಲ್ಲಿಗೆ ಹೇಗೆ ಬಂತು? ಇಲ್ಲದಿದ್ದರೆ ದಾರಿಯಲ್ಲಿ ಎಲ್ಲಿ ನಿಂತಿತು?

ಈ ಮಹಾನಗರದಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರು ಖಾಸಗಿ ನರ್ಸಿಂಗ್ ಹೋಮುಗಳಿಗೆ ಹೋಗುವವರು. ಆಫೀಸಿನಿಂದ ವೈದ್ಯಕೀಯ ವೆಚ್ಚ ಹಿಂದಕ್ಕೆ ಬರುತ್ತದೆಂಬ ಧೈರ್ಯ ಉಳ್ಳವರು. ಹಾಗೆಂದು ಈ ವಿಷಯ ನಮಗೆ ಸಂಬಂಧಿಸಿದ್ದಲ್ಲವೆಂದು ಭಾವಿಸಲಾಗದು. ನಮ್ಮ ಮನೆಗೆಲಸದವರು, ಆಫೀಸಿನ ಕಾವಲುಗಾರರು, ನಿವೃತ್ತಿಯ ನಂತರ ನಮ್ಮಲ್ಲೇ ಹಲವರು, ಊರಿನಲ್ಲಿರುವ ನಮ್ಮ ಅಕ್ಕತಂಗಿಯರು, ಸೋದರ ಸೊಸೆಯರು, ಎಲ್ಲರೂ ಒಂದಲ್ಲ ಒಂದು ದಿನ ಸರ್ಕಾರಿ ಆಸ್ಪತ್ರೆಯ ಔಷಧ ವಿತರಣೆಯ ಕಿಟಕಿಯ ಮುಂದೆ ನಿಲ್ಲಬೇಕಾದವರೇ. ನಮ್ಮ ದೇಶದಲ್ಲಿ ಸಾಮಾನ್ಯ ಕುಟುಂಬ ತನ್ನ ಕೈಯಿಂದ ಮಾಡುವ ವೈದ್ಯಕೀಯ ವೆಚ್ಚದಲ್ಲಿ ಬಹುದೊಡ್ಡ ಪಾಲು ಔಷಧಕ್ಕೇ ಹೋಗುತ್ತದೆಂಬುದು ಎಲ್ಲರೂ ಒಪ್ಪಿರುವ ಸಂಗತಿ. ಅಲ್ಲದೆ 2024-25ರ ಚಳಿಗಾಲದಲ್ಲಿ ನಮ್ಮ ಹುಟ್ಟುನಾಡನ್ನೂ ಈ ಬದುಕುನಾಡನ್ನೂ ಒಂದೇ ಬಗೆಯ ಔಷಧದ ಬಾಟಲಿಯು ದುಃಖದಲ್ಲಿ ಜೋಡಿಸಿತು. ಅದನ್ನು ಮುಂದೆ ನೋಡೋಣ.

ಬೊಂಗಾಂವಿನ ಪಾಠ

ಔಷಧದ ಸರಬರಾಜು ಎಂಬುದು ಕೇವಲ ಗುಮಾಸ್ತರ ಕೆಲಸವಲ್ಲ, ಜೀವನ್ಮರಣದ ಪ್ರಶ್ನೆ ಎಂಬುದಕ್ಕೆ ಕಲ್ಕತ್ತೆಯ ಸಮೀಪದಲ್ಲೇ ನಡೆದ ಒಂದು ಉದಾಹರಣೆಯುಂಟು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಬಂದಾಗ ಬೊಂಗಾಂವಿನಲ್ಲಿ ಕಾಲರಾ ಹಬ್ಬಿತು. ಕಾಲರಾ ರೋಗಿಗೆ ಆಗ ಇದ್ದ ಚಿಕಿತ್ಸೆ ಎಂದರೆ ರಕ್ತನಾಳದ ಮೂಲಕ ಸಲೈನ್ ದ್ರಾವಣ ಕೊಡುವುದು. ರೋಗಿಗಳು ಆಸ್ಪತ್ರೆಯ ನೆಲದ ಮೇಲೆಲ್ಲ ಮಲಗಿದ್ದರು. ಸಲೈನ್ ಬಾಟಲಿಗಳ ದಾಸ್ತಾನು ಮುಗಿಯುತ್ತ ಬಂದಿತ್ತು. ಸೂಜಿ ಚುಚ್ಚಬಲ್ಲ ಸಿಬ್ಬಂದಿಯೂ ಸಾಲದು.

ಅಲ್ಲಿ ಕೆಲಸ ಮಾಡುತ್ತಿದ್ದ ಡಾ. ದಿಲೀಪ್ ಮಹಲನಬಿಸ್ ಅವರು ಸಕ್ಕರೆಯ ಜಾತಿಯ ಗ್ಲೂಕೋಸ್, ಅಡಿಗೆ ಉಪ್ಪು, ಸೋಡಾ ಇವುಗಳನ್ನು ಅಳತೆ ಮಾಡಿ ಬೆರೆಸಿದ ಪುಡಿಯನ್ನು ಕಲ್ಕತ್ತೆಯಲ್ಲಿ ಪೊಟ್ಟಣ ಕಟ್ಟಿಸಿ, ಅದನ್ನು ಬೊಂಗಾಂವಿಗೆ ಸಾಗಿಸಿ, ನೀರಿನಲ್ಲಿ ಕರಗಿಸಿ, ರೋಗಿಯ ಬಂಧುಗಳ ಕೈಯಿಂದಲೇ ಕುಡಿಸುವ ಏರ್ಪಾಡು ಮಾಡಿದರು. ಪಾಲಿಥೀನ್ ಚೀಲಗಳ ಬಾಯಿಯನ್ನು ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಅಂಟಿಸುತ್ತಿದ್ದರಂತೆ. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು ಈ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 4ಕ್ಕಿಂತ ಕೆಳಗಿಳಿಯಿತು. ಇಂದು ಮನೆಮನೆಯಲ್ಲಿ ಓ.ಆರ್.ಎಸ್. ಎಂದು ಕರೆಯಿಸಿಕೊಳ್ಳುವ ಪೊಟ್ಟಣಕ್ಕೆ ಜಗತ್ತಿನ ಮನ್ನಣೆ ದೊರೆಯಲು ಈ ಪ್ರಯೋಗ ಬಹುಮಟ್ಟಿಗೆ ಕಾರಣ. ಡಾ. ಮಹಲನಬಿಸ್ 2022ರಲ್ಲಿ ತೀರಿಕೊಂಡರು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿ ಘೋಷಿತವಾಯಿತು.

ಗ್ಲೂಕೋಸ್ ಮತ್ತು ಉಪ್ಪನ್ನು ಒಟ್ಟಿಗೆ ಕುಡಿಸಿದರೆ ಕರುಳು ನೀರನ್ನು ಹೀರಿಕೊಳ್ಳುತ್ತದೆಂಬ ವಿಜ್ಞಾನ ಅದಕ್ಕೆ ಮುಂಚೆಯೇ ತಿಳಿದಿತ್ತು. ಬೊಂಗಾಂವಿನಲ್ಲಿ ಹೊಸದಾಗಿ ನಡೆದದ್ದು, ಅದನ್ನು ಅಗ್ಗವಾಗಿ ತಯಾರಿಸಿ, ಕೆಡದಂತೆ ಕಟ್ಟಿ, ಸಾವಿರಾರು ಜನರಿಗೆ ವೇಳೆಗೆ ಸರಿಯಾಗಿ ತಲುಪಿಸಿದ ಕಾರ್ಯ. ಸರ್ಕಾರಿ ಔಷಧ ವ್ಯವಸ್ಥೆಯ ಸಾರವೆಲ್ಲ ಇದರಲ್ಲಿ ಅಡಗಿದೆ.

ಮೊದಲ ಮೆಟ್ಟಿಲು: ಏನನ್ನು ಕೊಳ್ಳಬೇಕು?

ಮಾರುಕಟ್ಟೆಯಲ್ಲಿ ಸಾವಿರಾರು ಹೆಸರಿನ ಔಷಧಗಳಿವೆ. ಬಡದೇಶದ ಬೊಕ್ಕಸ ಅವೆಲ್ಲವನ್ನೂ ಕೊಳ್ಳಲಾರದು. ಕೊಳ್ಳಬೇಕಾದ ಅಗತ್ಯವೂ ಇಲ್ಲ. ಒಂದೇ ರಾಸಾಯನಿಕವು ಹತ್ತಾರು ಕಂಪನಿಗಳಿಂದ ಹತ್ತಾರು ಹೆಸರಿನಲ್ಲಿ ಬರುತ್ತಿರುತ್ತದೆ. ಈ ಗೊಂದಲವನ್ನು ಮೊದಲು ಬಿಡಿಸಿದವರಲ್ಲಿ ನೆರೆಯ ಸಿಂಹಳದ ಪ್ರೊಫೆಸರ್ ಸೇನಕ ಬಿಬಿಲೆ ಅವರ ಹೆಸರು ಹೇಳಲೇಬೇಕು. ಅವರ ಪ್ರಯತ್ನದಿಂದ ಅಲ್ಲಿ 1970ರ ದಶಕದ ಆರಂಭದಲ್ಲಿ ಸರ್ಕಾರಿ ಔಷಧ ನಿಗಮ ಸ್ಥಾಪನೆಯಾಯಿತು. ಔಷಧಗಳ ಪಟ್ಟಿಯನ್ನು ಚಿಕ್ಕದು ಮಾಡಿ, ಮೂಲ ಹೆಸರಿನಲ್ಲಿ, ಜಗತ್ತಿನಾದ್ಯಂತ ಟೆಂಡರು ಕರೆದು ಕೊಳ್ಳುವ ಪದ್ಧತಿ ಜಾರಿಗೆ ಬಂತು. 1977ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅತ್ಯಾವಶ್ಯಕ ಔಷಧಗಳ ತನ್ನ ಮೊದಲ ಪಟ್ಟಿಯನ್ನು ಪ್ರಕಟಿಸಿತು. 1982ರಲ್ಲಿ ಬಾಂಗ್ಲಾದೇಶವು ತನ್ನ ರಾಷ್ಟ್ರೀಯ ಔಷಧ ನೀತಿಯನ್ನು ಘೋಷಿಸಿ, ನಿರರ್ಥಕವಾದ ಹಾಗೂ ಹಾನಿಕರವಾದ ನೂರಾರು ತಯಾರಿಕೆಗಳನ್ನು ಮಾರುಕಟ್ಟೆಯಿಂದ ತೆಗೆಯಿಸಿತು.

ಭಾರತದಲ್ಲಿ ಜೈಸುಖಲಾಲ್ ಹಾಥಿ ಸಮಿತಿಯು 1975ರಲ್ಲೇ ಈ ದಿಕ್ಕಿನಲ್ಲಿ ಶಿಫಾರಸು ಮಾಡಿತ್ತು. ರಾಷ್ಟ್ರೀಯ ಅತ್ಯಾವಶ್ಯಕ ಔಷಧಗಳ ಪಟ್ಟಿ ಮೊದಲು ಬಂದದ್ದು 1996ರಲ್ಲಿ; 2022ರ ಪರಿಷ್ಕೃತ ಪಟ್ಟಿಯಲ್ಲಿ 384 ಔಷಧಗಳಿವೆ. ರಾಜ್ಯಗಳು ತಮ್ಮ ತಮ್ಮ ಪಟ್ಟಿಗಳನ್ನು ಇಟ್ಟುಕೊಳ್ಳುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ಬಗೆಯ ಪಟ್ಟಿ, ಜಿಲ್ಲಾ ಆಸ್ಪತ್ರೆಗೆ ಅದಕ್ಕಿಂತ ದೊಡ್ಡದು, ವೈದ್ಯಕೀಯ ಕಾಲೇಜಿಗೆ ಇನ್ನೂ ದೊಡ್ಡದು. ಗೃಹಿಣಿಯು ತಿಂಗಳ ಸಾಮಾನಿನ ಪಟ್ಟಿ ಬರೆಯದೆ ಅಂಗಡಿಗೆ ಹೋದರೆ ಅಕ್ಕಿ ಮರೆತು ಹಪ್ಪಳ ತಂದಂತಾಗುತ್ತದಲ್ಲವೆ?

ಎರಡನೆಯ ಮೆಟ್ಟಿಲು: ಅಂದಾಜು ಮತ್ತು ಟೆಂಡರು

ಪಟ್ಟಿಯಾದ ಮೇಲೆ ಪ್ರತಿಯೊಂದು ಆಸ್ಪತ್ರೆಯೂ ಮುಂದಿನ ವರ್ಷಕ್ಕೆ ಏನು ಎಷ್ಟು ಬೇಕೆಂಬ ಬೇಡಿಕೆಯನ್ನು ಮೇಲಿನ ಕಚೇರಿಗೆ ಕಳುಹಿಸಬೇಕು. ಇದಕ್ಕೆ ಇಂಡೆಂಟ್ ಎಂದು ಹೆಸರು. ಇಲ್ಲಿಯೇ ಮೊದಲ ತೊಡಕು. ಕಳೆದ ವರ್ಷ ಖರ್ಚಾದುದಕ್ಕೆ ನೂರಕ್ಕೆ ಹತ್ತು ಸೇರಿಸಿ ಬರೆಯುವುದು ಗುಮಾಸ್ತರ ಹಳೆಯ ರೂಢಿ. ಆದರೆ ಕಳೆದ ವರ್ಷ ನಾಲ್ಕು ತಿಂಗಳು ಮದ್ದೇ ಇರಲಿಲ್ಲವಾದರೆ ಖರ್ಚು ಕಡಿಮೆ ಕಾಣುತ್ತದೆ. ಅದನ್ನೇ ಆಧಾರವಾಗಿ ಹಿಡಿದರೆ ಕೊರತೆಯು ಈ ವರ್ಷವೂ ಮುಂದುವರಿಯುತ್ತದೆ.

ಎಲ್ಲ ಇಂಡೆಂಟುಗಳನ್ನು ಕೂಡಿಸಿ ರಾಜ್ಯದ ಖರೀದಿ ಸಂಸ್ಥೆಯು ಟೆಂಡರು ಕರೆಯುತ್ತದೆ. ಸಾಮಾನ್ಯವಾಗಿ ಇದು ಎರಡು ಲಕೋಟೆಯ ಪದ್ಧತಿ. ಮೊದಲ ಲಕೋಟೆಯಲ್ಲಿ ಕಂಪನಿಯ ಯೋಗ್ಯತೆ: ತಯಾರಿಕೆಯ ಪರವಾನಗಿ, ಉತ್ತಮ ಉತ್ಪಾದನಾ ಕ್ರಮದ ಪ್ರಮಾಣಪತ್ರ, ವಾರ್ಷಿಕ ವಹಿವಾಟು, ಹಿಂದಿನ ಅನುಭವ. ಇದರಲ್ಲಿ ತೇರ್ಗಡೆಯಾದವರದು ಮಾತ್ರ ಎರಡನೆಯ ಲಕೋಟೆ, ಎಂದರೆ ದರ, ತೆರೆಯಲ್ಪಡುತ್ತದೆ. ಅತಿ ಕಡಿಮೆ ದರ ನಮೂದಿಸಿದವರೊಡನೆ ಒಂದು ಅಥವಾ ಎರಡು ವರ್ಷದ ದರ ಒಪ್ಪಂದವಾಗುತ್ತದೆ. ರಾಜ್ಯವೇ ದೊಡ್ಡ ಗಿರಾಕಿಯಾದುದರಿಂದ ದರವು ಅಂಗಡಿಯ ಬೆಲೆಯ ಒಂದು ಸಣ್ಣ ಭಾಗಕ್ಕೆ ಇಳಿಯುತ್ತದೆ. ಸಗಟು ಖರೀದಿಯ ಈ ಲಾಭವನ್ನು ವಾಣಿಜ್ಯದ ವಿದ್ಯಾರ್ಥಿಗೆ ವಿವರಿಸಬೇಕಾದ್ದಿಲ್ಲ.

ಆದರೆ ಅತಿ ಕಡಿಮೆ ದರ ಎಂಬುದಕ್ಕೂ ಒಂದು ತಳ ಇದೆ. ಕಚ್ಚಾ ಸಾಮಗ್ರಿ, ಶುದ್ಧ ನೀರು, ಬಾಟಲಿ, ಪರೀಕ್ಷೆ, ಸಾಗಾಣಿಕೆ ಇವುಗಳ ಒಟ್ಟು ವೆಚ್ಚಕ್ಕಿಂತ ಕೆಳಗೆ ಯಾರಾದರೂ ದರ ಹೇಳಿದರೆ, ಉಳಿತಾಯ ಎಲ್ಲಿಂದ ಬರುತ್ತದೆಂದು ಕೊಳ್ಳುವವನು ಕೇಳಬೇಕು. ಸಾಲ ಮಂಜೂರು ಮಾಡುವ ಅಧಿಕಾರಿಗೆ ಈ ಪ್ರಶ್ನೆ ಅಭ್ಯಾಸವಾಗಿರುತ್ತದೆ. ಲಾಭವೇ ಇಲ್ಲದ ದರಕ್ಕೆ ಮಾಲು ಒಪ್ಪಿಕೊಂಡ ಗಿರಾಕಿಯ ಖಾತೆಯನ್ನು ಅವನು ಎರಡು ಸಲ ನೋಡುತ್ತಾನೆ.

ಮದರಾಸಿನ ಪಾಸ್‌ಬುಕ್ಕು

ಈ ಕ್ಷೇತ್ರದಲ್ಲಿ ದೇಶಕ್ಕೆ ಮಾದರಿಯೆನಿಸಿದ್ದು ತಮಿಳುನಾಡು ವೈದ್ಯಕೀಯ ಸೇವಾ ನಿಗಮ. 1994ರಲ್ಲಿ ಸ್ಥಾಪಿತವಾದ ಈ ನಿಗಮವು ಜಿಲ್ಲೆಗಳಲ್ಲಿ ಉಗ್ರಾಣಗಳನ್ನು ತೆರೆಯಿತು. ಕಂಪನಿಗಳು ಮಾಲನ್ನು ನೇರವಾಗಿ ಉಗ್ರಾಣಕ್ಕೆ ಮುಟ್ಟಿಸಬೇಕು. ಅಲ್ಲಿ ಪ್ರತಿ ಬ್ಯಾಚಿನ ಮಾದರಿ ತೆಗೆದು ಪ್ರಯೋಗಶಾಲೆಗೆ ಕಳುಹಿಸಲಾಗುತ್ತದೆ. ಫಲಿತಾಂಶ ಬರುವವರೆಗೆ ಮಾಲು ಪ್ರತ್ಯೇಕವಾಗಿ ಕಾಯುತ್ತದೆ. ಪ್ರತಿಯೊಂದು ಆಸ್ಪತ್ರೆಗೂ ಒಂದು ಪಾಸ್‌ಬುಕ್ಕು. ವರ್ಷಕ್ಕೆ ಇಷ್ಟು ರೂಪಾಯಿ ಮೌಲ್ಯದ ಔಷಧ ಎಂದು ಅದರಲ್ಲಿ ಜಮೆಯಾಗಿರುತ್ತದೆ. ಆಸ್ಪತ್ರೆಯವರು ಬೇಕಾದಾಗ ಉಗ್ರಾಣಕ್ಕೆ ಹೋಗಿ ಬೇಕಾದ ಔಷಧ ಪಡೆಯುತ್ತಾರೆ. ಅದರ ಮೌಲ್ಯ ಪಾಸ್‌ಬುಕ್ಕಿನಲ್ಲಿ ಖರ್ಚು ಬೀಳುತ್ತದೆ.

ಮೇಲಿನಿಂದ ಯಾರೋ 'ನಿಮಗೆ ಇಷ್ಟು ಪೆಟ್ಟಿಗೆ' ಎಂದು ತಳ್ಳಿಬಿಡುವುದಕ್ಕೂ, ಆಸ್ಪತ್ರೆಯೇ ತನ್ನ ಅಗತ್ಯ ನೋಡಿ ಎಳೆದುಕೊಳ್ಳುವುದಕ್ಕೂ ಬಹಳ ಅಂತರವಿದೆ. ತಳ್ಳುವ ಪದ್ಧತಿಯಲ್ಲಿ ಒಂದು ಕಡೆ ಕೆಮ್ಮಿನ ಸಿರಪ್ಪು ಅವಧಿ ಮೀರಿ ಕೊಳೆಯುತ್ತಿದ್ದರೆ, ಇನ್ನೊಂದು ಕಡೆ ಅದೇ ಸಿರಪ್ಪಿಗಾಗಿ ತಾಯಂದಿರು ಬರಿಗೈಯಲ್ಲಿ ಹಿಂದಿರುಗುತ್ತಿರುತ್ತಾರೆ. ಎಳೆಯುವ ಪದ್ಧತಿಯಲ್ಲಿ ಲೆಕ್ಕವು ಕೊಂಡವನ ಕೈಯಲ್ಲಿರುತ್ತದೆ. ಕೇರಳ, ರಾಜಸ್ಥಾನ ಮೊದಲಾದ ರಾಜ್ಯಗಳು ಮುಂದೆ ಇದೇ ಮಾದರಿಯ ನಿಗಮಗಳನ್ನು ಕಟ್ಟಿಕೊಂಡವು. ರಾಜಸ್ಥಾನವು 2011ರ ಅಕ್ಟೋಬರ್ 2ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧ ಯೋಜನೆಯನ್ನು ಆರಂಭಿಸಿತು.

ಬಂಗಾಳದಲ್ಲಿ, ಕರ್ನಾಟಕದಲ್ಲಿ

ಪಶ್ಚಿಮ ಬಂಗಾಳದಲ್ಲಿ ಹಿಂದಿನಿಂದ ಬಂದ ವ್ಯವಸ್ಥೆ ಎಂದರೆ ಆರೋಗ್ಯ ಇಲಾಖೆಯ ಕೇಂದ್ರ ವೈದ್ಯಕೀಯ ಉಗ್ರಾಣ, ಅದರ ಕೆಳಗೆ ಜಿಲ್ಲೆಗಳ ಮೀಸಲು ಉಗ್ರಾಣಗಳು. 2008ರಲ್ಲಿ ಪಶ್ಚಿಮ ಬಂಗಾಳ ವೈದ್ಯಕೀಯ ಸೇವಾ ನಿಗಮ ಸ್ಥಾಪಿತವಾಯಿತು. ಆಸ್ಪತ್ರೆಗಳ ಬೇಡಿಕೆ, ಉಗ್ರಾಣದ ಜಮಾಖರ್ಚು ಇವು ಈಗ ಗಣಕಯಂತ್ರದ ಜಾಲದಲ್ಲಿ ನಡೆಯುತ್ತವೆ. ಕರ್ನಾಟಕದಲ್ಲಿ ಹಿಂದೆ ಬೆಂಗಳೂರಿನ ಸರ್ಕಾರಿ ವೈದ್ಯಕೀಯ ಉಗ್ರಾಣದಿಂದ ಔಷಧ ಹೋಗುತ್ತಿತ್ತು. ಈ ಶತಮಾನದ ಆರಂಭದಲ್ಲಿ ಅದರ ಸ್ಥಾನಕ್ಕೆ ಔಷಧ ಸಾಗಾಣಿಕೆ ಮತ್ತು ಉಗ್ರಾಣ ಸೊಸೈಟಿ ಬಂತು; ಅದೇ ಮುಂದೆ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮವಾಯಿತು.

ಕೇಂದ್ರ ಸರ್ಕಾರದ್ದು ಬೇರೆಯದೇ ಸಾಲು. ನಮ್ಮ ನಗರದ ಹೇಸ್ಟಿಂಗ್ಸ್ ಪ್ರದೇಶದಲ್ಲಿರುವ ಸರ್ಕಾರಿ ಔಷಧ ಡಿಪೋ ಬ್ರಿಟಿಷರ ಕಾಲದಿಂದ ಬಂದ ವ್ಯವಸ್ಥೆಗೆ ಸೇರಿದ್ದು. ಇಂಥ ಡಿಪೋಗಳು ಮುಂಬಯಿ, ಮದರಾಸು, ಗೌಹಾತಿ ಮೊದಲಾದೆಡೆಗಳಲ್ಲೂ ಇವೆ. ಕ್ಷಯ, ಮಲೇರಿಯಾ, ಕುಟುಂಬ ಯೋಜನೆ ಮುಂತಾದ ರಾಷ್ಟ್ರೀಯ ಕಾರ್ಯಕ್ರಮಗಳ ಖರೀದಿಗಾಗಿ 2012ರಲ್ಲಿ ಕೇಂದ್ರ ವೈದ್ಯಕೀಯ ಸೇವಾ ಸೊಸೈಟಿ ಎಂಬ ಸಂಸ್ಥೆ ನೋಂದಣಿಯಾಯಿತು. ಹೀಗಾಗಿ ಒಂದೇ ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಜ್ವರದ ಮಾತ್ರೆ ರಾಜ್ಯದ ಖಾತೆಯಿಂದಲೂ, ಕ್ಷಯದ ಮಾತ್ರೆ ದಿಲ್ಲಿಯ ಖಾತೆಯಿಂದಲೂ ಬಂದಿರುತ್ತದೆ. ಒಂದು ಇದ್ದು ಇನ್ನೊಂದು ಇಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಮೂರನೆಯ ಮೆಟ್ಟಿಲು: ಪರೀಕ್ಷೆ

ಪಾರ್ಕ್ ಸ್ಟ್ರೀಟಿನ ಆಸುಪಾಸಿನಲ್ಲಿ ಓಡಾಡುವವರಿಗೆ ಕಿಡ್ ಸ್ಟ್ರೀಟು ಚಿರಪರಿಚಿತ. ಅಲ್ಲಿರುವ ಕೇಂದ್ರ ಔಷಧ ಪ್ರಯೋಗಶಾಲೆಯು ಇಡೀ ದೇಶಕ್ಕೆ ಔಷಧ ಪರೀಕ್ಷೆಯ ಮೇಲಿನ ನ್ಯಾಯಾಲಯವಿದ್ದಂತೆ ಎಂಬುದು ಮಾತ್ರ ಎಲ್ಲರಿಗೂ ತಿಳಿದಿರಲಾರದು. ಕಲ್ಕತ್ತೆಗೂ ಔಷಧಕ್ಕೂ ಇರುವ ನಂಟು ಹಳೆಯದು. ಆಚಾರ್ಯ ಪ್ರಫುಲ್ಲಚಂದ್ರ ರಾಯರು ಕಟ್ಟಿದ ಬೆಂಗಾಲ್ ಕೆಮಿಕಲ್ಸ್ 1901ರಲ್ಲಿ ಲಿಮಿಟೆಡ್ ಕಂಪನಿಯಾಯಿತು, 1980ರಲ್ಲಿ ರಾಷ್ಟ್ರೀಕರಣವಾಯಿತು. ಇಲ್ಲಿನ ಉಷ್ಣವಲಯ ವೈದ್ಯಶಾಲೆಯ ಕರ್ನಲ್ ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯ ಸಮಿತಿಯು 1930-31ರಲ್ಲಿ ದೇಶದ ಔಷಧ ಮಾರುಕಟ್ಟೆಯನ್ನು ವಿಚಾರಿಸಿ ವರದಿ ಸಲ್ಲಿಸಿತು. 1940ರ ಔಷಧ ಕಾಯಿದೆಗೆ ಆ ವರದಿಯೇ ತಳಹದಿ.

ಕಾಯಿದೆಯ ಕ್ರಮ ಹೀಗಿದೆ. ಔಷಧ ಪರಿವೀಕ್ಷಕರು ತೆಗೆದ ಮಾದರಿಯನ್ನು ಸರ್ಕಾರಿ ವಿಶ್ಲೇಷಕರು ಪರೀಕ್ಷಿಸಿ ವರದಿ ಕೊಡುತ್ತಾರೆ. ಗುಣಮಟ್ಟ ಸಾಲದೆಂಬ ವರದಿಯನ್ನು ಕಂಪನಿಯು ಒಪ್ಪದೆ 28 ದಿನಗಳೊಳಗೆ ತಕರಾರು ಎತ್ತಿದರೆ, ನ್ಯಾಯಾಲಯವು ಮಾದರಿಯ ಇನ್ನೊಂದು ಭಾಗವನ್ನು ಕೇಂದ್ರ ಪ್ರಯೋಗಶಾಲೆಗೆ ಕಳುಹಿಸಬಹುದು. ಆ ಪ್ರಯೋಗಶಾಲೆಯ ವರದಿಯೇ ಕಾನೂನಿನ ದೃಷ್ಟಿಯಲ್ಲಿ ಕೊನೆಯ ಮಾತು.

ಇಲ್ಲಿ ಒಂದು ಸೂಕ್ಷ್ಮವನ್ನು ಓದುಗರು ಗಮನಿಸಬೇಕು. ಪರೀಕ್ಷೆಗೆ ಹೋಗುವುದು ಮಾದರಿ ಮಾತ್ರ. ಬ್ಯಾಂಕಿಗೆ ಬಂದ ಲೆಕ್ಕ ಪರಿಶೋಧಕರು ಸಾವಿರ ವೋಚರುಗಳಲ್ಲಿ ಐವತ್ತನ್ನು ಹೆಕ್ಕಿ ನೋಡುತ್ತಾರೆ. ಐವತ್ತೂ ಸರಿಯಿದ್ದರೆ ಉಳಿದವೂ ಸರಿಯಿರಬಹುದೆಂಬ ಭರವಸೆ ಬರುತ್ತದೆಯೇ ಹೊರತು ಖಾತರಿ ಬರುವುದಿಲ್ಲ. ರಕ್ತಕ್ಕೆ ನೇರವಾಗಿ ಸೇರುವ ದ್ರಾವಣಗಳ ವಿಷಯದಲ್ಲಿ ಇದು ಇನ್ನೂ ಕಠಿಣ. ದ್ರಾವಣದಲ್ಲಿ ಸೂಕ್ಷ್ಮಾಣುಗಳಿಲ್ಲವೆಂದು ತಿಳಿಯುವ ಪರೀಕ್ಷೆಗೇ 14 ದಿನ ಬೇಕು. ಮಾದರಿಯ ಬಾಟಲಿ ಶುದ್ಧವಾಗಿದ್ದು, ಅದೇ ಬ್ಯಾಚಿನ ಇನ್ನೊಂದು ಬಾಟಲಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಪರೀಕ್ಷೆಯಿಂದ ತಿಳಿಯದು. ಆದುದರಿಂದ ನಿಜವಾದ ರಕ್ಷಣೆ ಕಾರ್ಖಾನೆಯ ಶಿಸ್ತಿನಲ್ಲಿದೆ. ಪರೀಕ್ಷೆಯು ಆ ಶಿಸ್ತಿನ ಮೇಲಿನ ಕಾವಲು.

ಬಳ್ಳಾರಿ ಮತ್ತು ಮೇದಿನಿಪುರ

2024ರ ನವೆಂಬರ್ ತಿಂಗಳಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದ ಬಾಣಂತಿಯರಲ್ಲಿ ಹಲವರು ಹಠಾತ್ತಾಗಿ ಅಸ್ವಸ್ಥರಾದರು. ಮೂತ್ರಪಿಂಡ ಮೊದಲಾದ ಅಂಗಗಳು ಸೋತು ಒಬ್ಬರ ನಂತರ ಒಬ್ಬರಂತೆ ಐವರು ತೀರಿಕೊಂಡರು. ಶಂಕೆ ಹೋದದ್ದು ಶಸ್ತ್ರಚಿಕಿತ್ಸೆಯ ವೇಳೆ ಕೊಡುವ ರಿಂಗರ್ ಲ್ಯಾಕ್ಟೇಟ್ ಎಂಬ ದ್ರಾವಣದ ಮೇಲೆ. ಅದನ್ನು ಸರಬರಾಜು ಮಾಡಿದ್ದು ನಾವಿರುವ ಈ ರಾಜ್ಯದ ಪಶ್ಚಿಮ ಬಂಗ ಫಾರ್ಮಾಸ್ಯುಟಿಕಲ್ಸ್ ಎಂಬ ಕಂಪನಿ. ಕಾರ್ಖಾನೆ ಇರುವುದು ಉತ್ತರ ದಿನಾಜಪುರ ಜಿಲ್ಲೆಯ ಚೋಪ್ರಾದಲ್ಲಿ.

ಕರ್ನಾಟಕ ಸರ್ಕಾರವು ಆಗ ನೀಡಿದ ವಿವರಣೆಯಂತೆ, ಆ ಕಂಪನಿಯಿಂದ ಬಂದಿದ್ದ ದ್ರಾವಣದ 192 ಬ್ಯಾಚುಗಳ ಪೈಕಿ ಕೆಲವು ಗುಣಮಟ್ಟದ ಪರೀಕ್ಷೆಯಲ್ಲಿ ಸೋತ ಕಾರಣ ಅದೇ ವರ್ಷದ ಆರಂಭದಲ್ಲಿಯೇ ದಾಸ್ತಾನಿನ ಬಳಕೆಯನ್ನು ತಡೆಹಿಡಿಯಲಾಗಿತ್ತು. ಕಂಪನಿಯು ತಕರಾರು ಎತ್ತಿತು. ಕೇಂದ್ರ ಪ್ರಯೋಗಶಾಲೆಗೆ ಹೋದ ಮಾದರಿಗಳು ಸರಿಯಿವೆಯೆಂಬ ವರದಿ ಬಂತು. ಅನಂತರ, ಪರೀಕ್ಷೆಯಲ್ಲಿ ತೇರ್ಗಡೆಯಾದ ಬ್ಯಾಚುಗಳನ್ನು ಬಿಡುಗಡೆ ಮಾಡಲಾಯಿತು. ಸಾವುಗಳಾದ ಮೇಲೆ ಆ ಕಂಪನಿಯ ದ್ರಾವಣವನ್ನು ರಾಜ್ಯದಲ್ಲಿ ನಿಲ್ಲಿಸಿ ಕಂಪನಿಯನ್ನು ಕಪ್ಪುಪಟ್ಟಿಗೆ ಸೇರಿಸಿದರು. ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು.

ಆದರೆ ಕೊಳ್ಳುವ ರಾಜ್ಯವು ತನ್ನ ಬಾಗಿಲು ಮುಚ್ಚಬಲ್ಲದೇ ಹೊರತು, ಇನ್ನೊಂದು ರಾಜ್ಯದ ಕಾರ್ಖಾನೆಗೆ ಬೀಗ ಹಾಕಲಾರದು. ತಯಾರಿಕೆಯ ಪರವಾನಗಿ ಕಾರ್ಖಾನೆ ಇರುವ ರಾಜ್ಯದ ಕೈಯಲ್ಲಿರುತ್ತದೆ. ರಕ್ತನಾಳಕ್ಕೆ ಕೊಡುವ ದ್ರಾವಣಗಳ ವಿಷಯದಲ್ಲಿ ಕೇಂದ್ರದ ಅನುಮೋದನೆಯೂ ಬೇಕು. 2024ರ ಡಿಸೆಂಬರಿನಲ್ಲಿ ಆ ಕಾರ್ಖಾನೆಯ ಉತ್ಪಾದನೆ ನಿಲ್ಲಿಸುವಂತೆ ಆದೇಶವಾಯಿತು. ಅಷ್ಟರಲ್ಲಿ ಲಾರಿ ಹತ್ತಿ ಹೋಗಿದ್ದ ಬಾಟಲಿಗಳು ಆಸ್ಪತ್ರೆಗಳ ಕಪಾಟಿನಲ್ಲಿ ಇದ್ದೇ ಇದ್ದವು. 2025ರ ಜನವರಿ 8ರಂದು ಮೇದಿನಿಪುರ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಅಸ್ವಸ್ಥರಾದರು, ಒಬ್ಬರು ತೀರಿಕೊಂಡರು. ಅಲ್ಲಿಯೂ ಬಳಕೆಯಾಗಿದ್ದದ್ದು ಅದೇ ಕಂಪನಿಯ ದ್ರಾವಣ. ಹಿರಿಯ ವೈದ್ಯರ ಗೈರುಹಾಜರಿಯಲ್ಲಿ ತರಬೇತಿಯಲ್ಲಿದ್ದ ಕಿರಿಯರು ಶಸ್ತ್ರಚಿಕಿತ್ಸೆ ಮಾಡಿದರೆಂಬ ಆಕ್ಷೇಪದ ಮೇಲೆ ರಾಜ್ಯ ಸರ್ಕಾರವು 12 ಮಂದಿ ವೈದ್ಯರನ್ನು ಅಮಾನತುಗೊಳಿಸಿತು.

ಸಾವಿಗೆ ದ್ರಾವಣ ಎಷ್ಟು ಕಾರಣ, ಉಪಚಾರದ ಲೋಪ ಎಷ್ಟು ಕಾರಣ ಎಂದು ತೀರ್ಮಾನಿಸುವುದು ತಜ್ಞರ ಹಾಗೂ ನ್ಯಾಯಾಲಯದ ಕೆಲಸ. ಲೆಕ್ಕದವನಿಗೆ ಕಾಣುವ ಅಂಶ ಬೇರೆ. ಬಳ್ಳಾರಿಯಲ್ಲಿ ನವೆಂಬರಿನಲ್ಲಿ ಶಂಕೆಗೆ ಗುರಿಯಾದ ಕಂಪನಿಯ ಮಾಲು ಎರಡು ತಿಂಗಳ ಮೇಲೂ ಮೇದಿನಿಪುರದ ವಾರ್ಡಿನಲ್ಲಿತ್ತು. ಕಳೆದುಹೋದ ಚೆಕ್‌ಬುಕ್ಕಿನ ಸುದ್ದಿ ಒಂದು ಶಾಖೆಗೆ ಮುಟ್ಟಿದರೆ ಆ ಖಾತೆಯ ಚೆಕ್ಕು ದೇಶದ ಯಾವ ಶಾಖೆಯಲ್ಲಿಯೂ ಪಾಸಾಗದಂತೆ ತಡೆಯುವ ವ್ಯವಸ್ಥೆ ಬ್ಯಾಂಕುಗಳಲ್ಲಿದೆ. ಔಷಧದ ಬ್ಯಾಚು ನಂಬರಿಗೂ ಅಂಥದೇ ತ್ವರಿತವಾದ ತಡೆ ಬೇಕು. ಗುಣಮಟ್ಟ ಸಾಲದ ಔಷಧಗಳ ಪಟ್ಟಿಯನ್ನು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯು ಪ್ರತಿ ತಿಂಗಳೂ ಪ್ರಕಟಿಸುತ್ತದೆ. ಆ ಪಟ್ಟಿಯು ಕಟ್ಟಕಡೆಯ ಆಸ್ಪತ್ರೆಯ ನರ್ಸಮ್ಮನವರ ಕಣ್ಣಿಗೆ ಅದೇ ದಿನ ಬೀಳುವಂತಾಗದಿದ್ದರೆ ಪ್ರಕಟಣೆಯಿಂದ ಅರ್ಧ ಪ್ರಯೋಜನ ಮಾತ್ರ.

ನಾಲ್ಕನೆಯ ಮೆಟ್ಟಿಲು: ದಾಸ್ತಾನು ಮತ್ತು ಪಾವತಿ

ಒಳ್ಳೆಯ ಮದ್ದನ್ನು ಕೊಂಡದ್ದಾಯಿತು; ಅದು ಮುಗಿಯುವ ಮುನ್ನ ಮುಂದಿನದು ಬರಬೇಕು. ಒಂದು ಚಿಕ್ಕ ಲೆಕ್ಕ ಹಾಕೋಣ. ಒಂದು ಆಸ್ಪತ್ರೆಗೆ ದಿನಕ್ಕೆ 50 ಬಾಟಲಿ ದ್ರಾವಣ ಬೇಕೆಂದು ಭಾವಿಸಿ. ಆದೇಶ ಹೋದ ಮೇಲೆ ಮಾಲು ಬರಲು 45 ದಿನ, ಪರೀಕ್ಷೆಗೆ 20 ದಿನ, ಉಗ್ರಾಣದಿಂದ ಆಸ್ಪತ್ರೆಗೆ 5 ದಿನ, ಒಟ್ಟು 70 ದಿನ. ಈ ಅವಧಿಗೆ 3,500 ಬಾಟಲಿ ಬೇಕು. ಮಳೆಗಾಲ, ಮುಷ್ಕರ, ಸಾಂಕ್ರಾಮಿಕ ರೋಗ ಇವುಗಳಿಗೆಂದು ಇನ್ನೊಂದು ತಿಂಗಳ 1,500 ಸೇರಿಸಿದರೆ 5,000. ಎಂದರೆ ಕಪಾಟಿನಲ್ಲಿ ಇನ್ನೂ 5,000 ಬಾಟಲಿ ಇರುವಾಗಲೇ ಹೊಸ ಆದೇಶ ಹೊರಡಬೇಕು. ಐನೂರಕ್ಕೆ ಇಳಿದಾಗ ಎಚ್ಚೆತ್ತರೆ ಎರಡು ತಿಂಗಳು ರೋಗಿಗಳು ಹೊರಗಿನ ಅಂಗಡಿಗೆ ಓಡಬೇಕಾಗುತ್ತದೆ. ಪರೀಕ್ಷೆ ಮುಗಿಯುವ ಮುನ್ನವೇ ಮಾಲು ಬಿಡುಗಡೆ ಮಾಡಬೇಕೆಂಬ ಒತ್ತಡ ಹುಟ್ಟುವುದೂ ಇಂಥ ಸಮಯದಲ್ಲೇ. ಹೀಗೆ ದಾಸ್ತಾನಿನ ಅಜಾಗರೂಕತೆಯು ಗುಣಮಟ್ಟದ ಮೇಲೂ ಕೈಮಾಡುತ್ತದೆ.

ಉಗ್ರಾಣದಲ್ಲಿ ಮೊದಲು ಬಂದದ್ದನ್ನು ಮೊದಲು ಕೊಡುವುದಕ್ಕಿಂತ, ಮೊದಲು ಅವಧಿ ಮುಗಿಯುವುದನ್ನು ಮೊದಲು ಕೊಡಬೇಕೆಂಬುದು ನಿಯಮ. ಲಸಿಕೆ, ಇನ್ಸುಲಿನ್ ಮೊದಲಾದವು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿರಬೇಕು. ಬಂಗಾಳದ ಸೆಕೆ ಮತ್ತು ತೇವ ಬಲ್ಲವರಿಗೆ ಮಾತ್ರೆಯ ಪೆಟ್ಟಿಗೆಯನ್ನು ನೆಲದ ಮೇಲಿಡದೆ ಹಲಗೆಯ ಮೇಲೆ ಏಕೆ ಇಡಬೇಕೆಂದು ಹೇಳಬೇಕಾಗಿಲ್ಲ.

ಕೊನೆಯದಾಗಿ ಹಣ. ಇದರ ಬಗ್ಗೆ ಮಾತ್ರ ಲೇಖಕನು ತುಸು ಅಧಿಕಾರದಿಂದ ಹೇಳಬಲ್ಲ. ಔಷಧ ತಯಾರಿಸುವ ಸಣ್ಣ ಕೈಗಾರಿಕೆಯವನು ದುಡಿಯುವ ಬಂಡವಾಳವನ್ನು ಬ್ಯಾಂಕಿನಿಂದ ಬಡ್ಡಿಗೆ ತರುತ್ತಾನೆ. ಸರ್ಕಾರವು ಬಿಲ್ಲಿನ ಹಣವನ್ನು ಎರಡು ತಿಂಗಳಲ್ಲಿ ಕೊಟ್ಟರೆ ಅವನ ಖಾತೆ ಆರೋಗ್ಯವಾಗಿರುತ್ತದೆ. ವರ್ಷವಾದರೂ ಕೊಡದಿದ್ದರೆ ಬಡ್ಡಿಯೇ ಲಾಭವನ್ನು ನುಂಗುತ್ತದೆ. ಮುಂದಿನ ಟೆಂಡರಿನಲ್ಲಿ ಅಂಥವನು ಬಡ್ಡಿಯನ್ನೂ ಸೇರಿಸಿ ದರ ಹೇಳುತ್ತಾನೆ, ಇಲ್ಲವೇ ಬರುವುದೇ ಇಲ್ಲ. ಒಳ್ಳೆಯವರು ದೂರ ಸರಿದಾಗ ಉಳಿಯುವವರು ಎಂಥವರೆಂದು ಊಹಿಸಬಹುದು. ಆದಕಾರಣ ವೇಳೆಗೆ ಸರಿಯಾಗಿ ಪಾವತಿ ಮಾಡುವುದನ್ನು ವ್ಯಾಪಾರಿಗೆ ಮಾಡುವ ಉಪಕಾರವೆಂದು ತಿಳಿಯಬಾರದು. ಅದರ ಫಲ ಸೇರುವುದು ರೋಗಿಗೆ.

ನಾವು ತಿಳಿದಿರಬೇಕಾದ ಕೆಲವು ಸಂಗತಿಗಳು

1. ಸರ್ಕಾರಿ ಆಸ್ಪತ್ರೆಯ ಉಚಿತ ಔಷಧದ ಕಿಟಕಿ ಬೇರೆ. ಆವರಣದಲ್ಲಿಯೇ ಇರುವ 'ನ್ಯಾಯ್ಯ ಮೂಲ್ಯೇರ್ ಓಷುಧೇರ್ ದೋಕಾನ್', ಎಂದರೆ ನ್ಯಾಯಬೆಲೆಯ ಔಷಧದ ಅಂಗಡಿ, ಬೇರೆ. ಎರಡನೆಯದು 2012ರ ಕೊನೆಯಿಂದ ಈ ರಾಜ್ಯದಲ್ಲಿ ಖಾಸಗಿ ಸಹಭಾಗಿತ್ವದಲ್ಲಿ ಆರಂಭವಾದದ್ದು. ಅಲ್ಲಿ ಹಣ ಕೊಡಬೇಕು. ಮೊದಲು ಉಚಿತ ಕಿಟಕಿಯಲ್ಲಿ ವಿಚಾರಿಸಿ, ಅಲ್ಲಿ ಇಲ್ಲದುದಕ್ಕೆ ಮಾತ್ರ ಅಂಗಡಿಗೆ ಹೋಗುವುದು ಸರಿಯಾದ ಕ್ರಮ.

2. ಅಂಥ ಅಂಗಡಿಗಳಲ್ಲಿ ಆರಂಭದಲ್ಲಿ ಮುದ್ರಿತ ಬೆಲೆಯ ಮೇಲೆ ನೂರಕ್ಕೆ 48ರಿಂದ 67ರವರೆಗೆ ರಿಯಾಯಿತಿ ಇತ್ತು. ರಿಯಾಯಿತಿಯ ಅಂಕಿ ನೋಡಿ ಮರುಳಾಗದೆ, ಕೈಯಿಂದ ಕೊಡುವ ಕೊನೆಯ ಮೊತ್ತವನ್ನು ಹೋಲಿಸಬೇಕು. ಮುದ್ರಿತ ಬೆಲೆಯೇ ಹೆಚ್ಚಾಗಿದ್ದರೆ ದೊಡ್ಡ ರಿಯಾಯಿತಿಯೂ ಚಿಕ್ಕದೇ. 2008ರಲ್ಲಿ ಆರಂಭವಾದ ಕೇಂದ್ರದ ಜನ ಔಷಧಿ ಮಳಿಗೆಗಳ ಬೆಲೆಯನ್ನೂ ವಿಚಾರಿಸಿ ನೋಡಬಹುದು.

3. ವೈದ್ಯರಲ್ಲಿ ಔಷಧದ ಮೂಲ ಹೆಸರನ್ನು ಬರೆದುಕೊಡುವಂತೆ ವಿನಯದಿಂದ ಕೇಳಿಕೊಳ್ಳಬಹುದು. ಆದರೆ ಬರೆದದ್ದನ್ನು ನಾವೇ ಬದಲಾಯಿಸುವುದು ಸಲ್ಲದು.

4. ಔಷಧದ ಬಿಲ್ಲಿನಲ್ಲಿ ಬ್ಯಾಚು ನಂಬರು ಇದೆಯೇ ನೋಡಿ, ಬಿಲ್ಲನ್ನು ಜೋಪಾನ ಮಾಡಬೇಕು. 2023ರ ಆಗಸ್ಟಿನಿಂದ ಹೆಚ್ಚು ಮಾರಾಟವಾಗುವ 300 ಔಷಧಗಳ ಹೊದಿಕೆಯ ಮೇಲೆ ಕ್ಯೂ.ಆರ್. ಸಂಕೇತ ಕಡ್ಡಾಯವಾಗಿದೆ, ಮೊಬೈಲಿನಿಂದ ಅದನ್ನು ಓದಿಸಿ ನೋಡಬಹುದು. 'ಸರ್ಕಾರಿ ಸರಬರಾಜು, ಮಾರಾಟಕ್ಕಲ್ಲ' ಎಂದು ಅಚ್ಚಾಗಿರುವ ಪಟ್ಟಿಯನ್ನು ಯಾರಾದರೂ ಹಣಕ್ಕೆ ಕೊಟ್ಟರೆ ಅದು ಅಪರಾಧವೆಂದು ತಿಳಿದಿರಲಿ.

5. ಬಾಟಲಿಯಲ್ಲಿ ಕಸರು, ಬಣ್ಣದ ವ್ಯತ್ಯಾಸ, ಸೋರಿಕೆ ಕಂಡರೆ, ಅಥವಾ ಡ್ರಿಪ್ ಹಾಕಿದ ಕೆಲವೇ ಹೊತ್ತಿನಲ್ಲಿ ರೋಗಿಗೆ ಚಳಿನಡುಕ ಬಂದರೆ, ಕೂಡಲೇ ನರ್ಸಿಗೆ ತಿಳಿಸಬೇಕು. ಸಂಕೋಚ ಬೇಡ. ಔಷಧದ ಅಡ್ಡ ಪರಿಣಾಮಗಳನ್ನು ವರದಿ ಮಾಡಲು 1800-180-3024 ಎಂಬ ಉಚಿತ ದೂರವಾಣಿಯಿದೆ. ರೋಗಿಯ ಕಡೆಯವರೂ ಅಲ್ಲಿಗೆ ತಿಳಿಸಬಹುದು.

ಮುಕ್ತಾಯ

ಪಟ್ಟಿ, ಅಂದಾಜು, ಟೆಂಡರು, ಪರೀಕ್ಷೆ, ಉಗ್ರಾಣ, ಪಾವತಿ, ಈ ಕೊಂಡಿಗಳಲ್ಲಿ ಯಾವುದೊಂದು ಸಡಿಲವಾದರೂ ಸರಪಣಿ ನಿಲ್ಲದು. ಅಗ್ಗವಾಗಿ ಕೊಂಡೆವೆಂದು ಸರ್ಕಾರಗಳು ಅಂಕಿ ತೋರಿಸುವಾಗ ನಾಗರಿಕರಾದ ನಾವು ಇನ್ನೂ ಮೂರು ಪ್ರಶ್ನೆಗಳನ್ನು ಸೇರಿಸಿ ಕೇಳುವ ಅಭ್ಯಾಸ ಮಾಡಿಕೊಳ್ಳಬೇಕು: ಪರೀಕ್ಷೆ ಮುಗಿದ ಮೇಲೆಯೇ ಮಾಲು ಆಸ್ಪತ್ರೆಗೆ ಹೋಯಿತೆ? ಸೋತ ಬ್ಯಾಚನ್ನು ಎಷ್ಟು ದಿನಗಳಲ್ಲಿ ಹಿಂದಕ್ಕೆ ತರಿಸಿದಿರಿ? ಮಾಲು ಕೊಟ್ಟವರಿಗೆ ಹಣ ಸಂದಿತೆ? ಮಾಹಿತಿ ಹಕ್ಕಿನ ಕಾಯಿದೆಯ ಮೇರೆಗೆ ಈ ಪ್ರಶ್ನೆಗಳನ್ನು ಹತ್ತು ರೂಪಾಯಿ ಶುಲ್ಕದ ಅರ್ಜಿಯಲ್ಲಿ ಯಾರು ಬೇಕಾದರೂ ಕೇಳಬಹುದು.

ಬಳ್ಳಾರಿಯ ಐದು ಮನೆಗಳಲ್ಲಿ, ಮೇದಿನಿಪುರದ ಒಂದು ಮನೆಯಲ್ಲಿ ಹಸುಗೂಸುಗಳು ತಾಯಿಯಿಲ್ಲದೆ ಬೆಳೆಯುತ್ತಿವೆ. ಆ ಬಾಣಂತಿಯರು ಔಷಧದ ಬಾಟಲಿಯ ಮೇಲಿನ ಬ್ಯಾಚು ನಂಬರನ್ನು ಓದುವ ಸ್ಥಿತಿಯಲ್ಲಿರಲಿಲ್ಲ. ಓದಬೇಕಾದ ಹೊಣೆಯೂ ಅವರದಾಗಿರಲಿಲ್ಲ. ಓದುಬರಹ ಬಲ್ಲ, ಎರಡು ನಾಡುಗಳ ಋಣದಲ್ಲಿರುವ ನಾವು ಈ ವಿಷಯವನ್ನು ತಿಳಿದು, ತಿಳಿದುದನ್ನು ನೆರೆಹೊರೆಯವರಿಗೂ ಮನೆಗೆಲಸದವರಿಗೂ ಅವರ ಭಾಷೆಯಲ್ಲಿ ಹೇಳಿದರೆ, ಈ ಲೇಖನದ ಶ್ರಮ ಸಾರ್ಥಕ.